ಮೂರು ರಂಗ, ನಾಲ್ಕು ದೇಶ

ಯುಗಾದಿ ಹತ್ತಿರ ಬಂದರೆ ಇಲ್ಲಿ ಜರ್ಮನಿಯ ಕಲೋನ್‌ನಲ್ಲಿರುವ ನಮ್ಮ ಕನ್ನಡಿಗರ ಮನೆಗಳಲ್ಲಿ ಇನ್ನೊಂದು ಗಡಿಬಿಡಿಯೂ ಶುರುವಾಗುತ್ತದೆ. ಬೇಸಿಗೆಗೆ ಅಪ್ಪ ಅಮ್ಮನನ್ನು ಕರೆಸಿಕೊಳ್ಳಬೇಕು. ವೀಸಾ ಕಾಗದಗಳು ಒಂದು ಕಡೆ, "ಅಷ್ಟು ದೂರ ಬಂದ ಮೇಲೆ ಎಲ್ಲಾ ನೋಡಿಬಿಡೋಣ" ಅನ್ನುವ ಪಟ್ಟಿ ಇನ್ನೊಂದು ಕಡೆ. ಮೊನ್ನೆ ಮಂಡ್ಯದಿಂದ ನಮ್ಮಪ್ಪ ವಾಟ್ಸಾಪಿನಲ್ಲಿ ಕಳಿಸಿದ ಪಟ್ಟಿಯಲ್ಲಿ ಪ್ಯಾರಿಸ್, ರೋಮ್, ವೆನಿಸ್, ಸ್ವಿಟ್ಜರ್ಲೆಂಡ್, ಪ್ರಾಗ್, ಆಮ್‌ಸ್ಟರ್‌ಡ್ಯಾಮ್, ಲಂಡನ್ ಎಲ್ಲಾ ಇದ್ದವು. ಹತ್ತು ದಿನಕ್ಕೆ! ಮಗಳು ಬಗ್ಗಿ ಓದಿ, "ತಾತ ಬರೋದು ನಮ್ಮನ್ನ ನೋಡೋಕಾ, ರೈಲು ನೋಡೋಕಾ?" ಅಂದಳು.

ಈ ಚಾಳಿ ನಮ್ಮ ಮನೆಗೆ ಹೊಸದಲ್ಲ. ನಾನು ಚಿಕ್ಕವನಿದ್ದಾಗ ದೊಡ್ಡಪ್ಪ ಮೂರು ರಂಗನನ್ನೂ ಒಂದೇ ದಿನ ನೋಡಬೇಕು ಅಂತ ಮೆಟಡಾರ್ ಗೊತ್ತು ಮಾಡಿದ್ದರು. ಶ್ರೀರಂಗಪಟ್ಟಣದ ಆದಿರಂಗ, ಶಿವನಸಮುದ್ರದ ಮಧ್ಯರಂಗ, ತಿರುಚಿ ಪಕ್ಕದ ಶ್ರೀರಂಗದ ಅಂತ್ಯರಂಗ. ಮೂವರೂ ಕಾವೇರಿಯ ನಡುಗಡ್ಡೆಗಳಲ್ಲೇ ಮಲಗಿರುವವರು. ದೊಡ್ಡಪ್ಪ ದಾರಿ ಎಷ್ಟು ದೂರ ಅಂತ ತಲೆಕೆಡಿಸಿಕೊಳ್ಳಲಿಲ್ಲ. ಯಾವ ಗುಡಿಯ ಬಾಗಿಲು ಎಷ್ಟು ಹೊತ್ತಿಗೆ ಹಾಕುತ್ತಾರೆ ಅಂತ ವಿಚಾರಿಸಿ, ಅದನ್ನಷ್ಟೇ ಒಂದು ಚೀಟಿಯಲ್ಲಿ ಬರೆದು ಜೇಬಿಗಿಟ್ಟುಕೊಂಡರು. ಮಧ್ಯಾಹ್ನ ಬಾಗಿಲು ಹಾಕುವ ಮೊದಲು ಮಧ್ಯರಂಗನ ಮುಂದೆ ಇರಬೇಕು. ಉಳಿದದ್ದೆಲ್ಲ ಆ ಲೆಕ್ಕಕ್ಕೆ. ಅಜ್ಜಿಗೆ ತಲಕಾಡು ನೋಡುವ ಆಸೆ, ದೊಡ್ಡಮ್ಮನಿಗೆ ಸೋಮನಾಥಪುರ. "ಅವು ಇಲ್ಲೇ ಇರ್ತವೆ, ಎಲ್ಲಿಗೂ ಹೋಗಲ್ಲ" ಅಂದರು.

ಬನ್ನೂರು ದಾಟಿ ಮಳವಳ್ಳಿ ಬಂತು. ಅಲ್ಲಿ ನಮ್ಮತ್ತೆ ಮನೆ. ಇಳಿದರೆ ಕಾಫಿ, ಕಾಫಿ ಕುಡಿದರೆ ಊಟ, ಆಮೇಲೆ ಹೊರಡೋದು ಯಾವಾಗ? ದೊಡ್ಡಪ್ಪ ಮೊದಲೇ ಹೇಳಿ ಕಳಿಸಿದ್ದರಂತೆ. ಅತ್ತೆ ಬುತ್ತಿ ಹಿಡಿದು ರಸ್ತೆ ಬದಿಯಲ್ಲೇ ನಿಂತಿದ್ದರು. ಇಂಜಿನ್ ಆಫ್ ಆಗಲಿಲ್ಲ. ಕಿಟಕಿಯಿಂದ ಬುತ್ತಿ ಒಳಗೆ ಬಂತು, ಹಿಂದೆಯೇ ಬೈಗುಳವೂ ಬಂತು. ಮಹದೇಶ್ವರ ಬೆಟ್ಟದ ತಿರುವುಗಳಲ್ಲಿ ಮಕ್ಕಳೆಲ್ಲ ಸರದಿ ಮೇಲೆ ವಾಂತಿ. ಮೆಟ್ಟೂರಿನಲ್ಲಿ ಟೀಗೆ ನಿಂತಾಗ, ನಾವು ಮಂಡ್ಯದವರು ಅಂತ ಗೊತ್ತಾದದ್ದೇ ಅಂಗಡಿಯವರು ಕೇಳಿದ್ದು, "ನಿಮ್ಮ ಡ್ಯಾಮಲ್ಲಿ ನೀರೆಷ್ಟು?" ನಮ್ಮ ಕಟ್ಟೆ ತುಂಬಿದರೆ 124.80 ಅಡಿ, ಅವರದು 120. ದೊಡ್ಡಪ್ಪ ಚೀಟಿ ಮರೆತು ನೀರಿನ ಮಾತಿಗೆ ಕೂತರು. ದಿನದಲ್ಲಿ ಅವರು ಕೈಬಿಟ್ಟ ಹೊತ್ತು ಅದೊಂದೇ. ರಾತ್ರಿ ಶ್ರೀರಂಗದಲ್ಲಿ ದರ್ಶನ ಆಯಿತು. ಅಜ್ಜಿ ಮಾತ್ರ ವಾಪಸು ಬರುವವರೆಗೂ ತಲಕಾಡಿನ ಮಾತು ಬಿಡಲಿಲ್ಲ.

ಅಪ್ಪನ ಪಟ್ಟಿಗೂ ನಾನು ಇದೇ ಔಷಧಿ ಕೊಟ್ಟಿದ್ದೇನೆ. ಕಾವೇರಿ ಬದಲು ರೈನ್. ಸ್ವಿಟ್ಜರ್ಲೆಂಡ್, ಫ್ರಾನ್ಸ್, ಜರ್ಮನಿ, ನೆದರ್ಲೆಂಡ್ಸ್, ಎಲ್ಲಕ್ಕೂ ಒಂದೇ ಷೆಂಗೆನ್ ವೀಸಾ. ಬರುವ ಟಿಕೆಟ್ ಜ್ಯೂರಿಚ್‌ಗೆ, ಹೋಗುವುದು ಆಮ್‌ಸ್ಟರ್‌ಡ್ಯಾಮ್‌ನಿಂದ. ಹೋದ ದಾರಿಯಲ್ಲೇ ಹಿಂದಕ್ಕೆ ಬರುವ ರಗಳೆ ಇಲ್ಲ. ಮೊದಲು ಷಾಫ್‌ಹೌಸನ್ ಹತ್ತಿರದ ರೈನ್ ಜಲಪಾತ. ಅದು ಬರೀ 23 ಮೀಟರ್ ಎತ್ತರ, ಗಗನಚುಕ್ಕಿ ನೋಡಿದ ಅಪ್ಪ ಮೂಗು ಮುರಿಯುವುದು ಗ್ಯಾರಂಟಿ. ಆಮೇಲೆ ಬಾಸೆಲ್, ಸ್ಟ್ರಾಸ್‌ಬೋರ್ಗ್. ಸ್ಟ್ರಾಸ್‌ಬೋರ್ಗ್‌ನಿಂದ ಟ್ರಾಮಿನಲ್ಲೇ ರೈನ್ ದಾಟಿ ಜರ್ಮನಿಯ ಕೇಲ್ ಊರಿಗೆ ಬರಬಹುದು. 2017ರಿಂದ ಆ ಟ್ರಾಮು ಓಡುತ್ತಿದೆ. ಕೊಬ್ಲೆಂಜ್‌ನಲ್ಲಿ ಮೋಸೆಲ್ ಬಂದು ಸೇರುವ ಸಂಗಮ. ಮುಂದೆ ಕಲೋನ್, ಅಂದರೆ ನಮ್ಮ ಮನೆ, ನಮ್ಮ ಮಧ್ಯರಂಗ. ರೋಮ್, ವೆನಿಸ್, ಪ್ರಾಗ್ ಈ ಸಲ ಇಲ್ಲ. ಪ್ಯಾರಿಸ್ ಬಗ್ಗೆ ಅಮ್ಮನ ಜೊತೆ ಮಾತುಕತೆ ಇನ್ನೂ ನಡೆಯುತ್ತಿದೆ.

ವೀಸಾ, ರೈಲು ಪಾಸು ಅಂತ ಫೋನು ಮಾಡಿ ಕೇಳಿದವರಿಗೆಲ್ಲ ಇಲ್ಲೇ ಉತ್ತರ. ಅರ್ಜಿ ಹಾಕಬೇಕಾದ್ದು ಮೊದಲು ಇಳಿಯುವ ದೇಶಕ್ಕಲ್ಲ, ಜಾಸ್ತಿ ದಿನ ಇರುವ ದೇಶಕ್ಕೆ. ಆರು ತಿಂಗಳ ಮೊದಲೇ ಹಾಕಬಹುದು, ಕೊನೆಯ ವಾರದವರೆಗೆ ಕಾಯಬೇಡಿ. 180 ದಿನಗಳಲ್ಲಿ 90 ದಿನ ಮೀರುವ ಹಾಗಿಲ್ಲ. ಕನಿಷ್ಠ 30,000 ಯೂರೋ ಮೊತ್ತದ ಆರೋಗ್ಯ ವಿಮೆ ಬೇಕು. ಲಂಡನ್‌ಗೆ ವೀಸಾನೇ ಬೇರೆ. ಷೆಂಗೆನ್ ವೀಸಾ ಒಂದೇ ಪ್ರವೇಶದ್ದಾಗಿದ್ದರೆ ಲಂಡನ್‌ಗೆ ಹೋದವರು ಮತ್ತೆ ನಿಮ್ಮ ಮನೆಗೆ ಬರುವ ಹಾಗಿಲ್ಲ, ಹುಷಾರು. ಹಲವು ದೇಶಗಳ ರೈಲಿಗೆ ಒಂದೇ ಪಾಸ್ ಬೇಕಿದ್ದರೆ, ಊರಿಂದ ಬಂದವರಿಗೆ ಯೂರೇಲ್ ಪಾಸ್, ಇಲ್ಲೇ ಇರುವ ನಮಗೆ ಇಂಟರ್‌ರೇಲ್. ಜರ್ಮನಿಯಲ್ಲಿ ಭಾನುವಾರ ಅಂಗಡಿ ಮುಚ್ಚಿರುತ್ತವೆ, ಸೋಮವಾರ ಬಹಳಷ್ಟು ಮ್ಯೂಸಿಯಂ ಮುಚ್ಚಿರುತ್ತವೆ. ದೊಡ್ಡಪ್ಪನ ಚೀಟಿ ಇದ್ದಿದ್ದರೆ ಮೊದಲು ಇದೇ ಇರುತ್ತಿತ್ತು. ಗಡಿ ದಾಟುವಾಗ ರೈಲಿನಲ್ಲಿ ತಪಾಸಣೆ ಆಗಬಹುದು. ಪಾಸ್‌ಪೋರ್ಟನ್ನು ಚಟ್ನಿಪುಡಿ ಕೆಳಗೆ ಹೂತಿಡಬೇಡಿ.

ನಮ್ಮ ಕನ್ನಡ ಸಂಘದ ಈ ಪತ್ರಿಕೆಯಲ್ಲಿ ಜಾಗ ಮುಗಿಯುತ್ತಾ ಬಂತು. ಯುಗಾದಿ ಊಟ ಹಬ್ಬದ ನಂತರದ ಶನಿವಾರ, ಹಾಲ್ ಬಾಗಿಲು ಹನ್ನೊಂದಕ್ಕೆ ತೆಗೆಯುತ್ತದೆ. ಒಬ್ಬಟ್ಟಿನ ಲೆಕ್ಕಕ್ಕೆ ಹೆಸರು ಬೇಗ ಕೊಡಿ, ಹೂರಣಕ್ಕೆ ಇನ್ನಿಬ್ಬರು ಬೇಕು. ಈಸ್ಟರ್ ರಜದಲ್ಲಿ ಮಕ್ಕಳ ಕನ್ನಡ ತರಗತಿ ಇಲ್ಲ. ಸದಸ್ಯತ್ವದ ಹಣ ಬಾಕಿ ಯಾರದು ಅಂತ ಅವರವರಿಗೇ ಗೊತ್ತು. ಇನ್ನೊಂದು ಮಾತು. ಪುಟ ಜೋಡಿಸುತ್ತಿದ್ದ ಗೆಳೆಯರು ಮ್ಯೂನಿಕ್‌ಗೆ ಹೋದ ಮೇಲೆ ಪುಟವೂ ನಾನೇ, ಪ್ರೂಫೂ ನಾನೇ. ಅಪ್ಪ ಅಮ್ಮ ಇರುವಷ್ಟು ದಿನ ನನ್ನ ಕೈಲಿ ಆಗಲ್ಲ. ಕನ್ನಡ ಟೈಪಿಂಗ್ ಬರುವವರು, ಒತ್ತಕ್ಷರ ಒಡೆಯದಂತೆ ಪುಟ ಕಟ್ಟಬಲ್ಲವರು ಒಬ್ಬರಾದರೂ ಊಟದ ದಿನ ಸಿಕ್ಕಿ. ಕಲಿಸಿಕೊಡುತ್ತೇನೆ, ಕಾಫಿಯೂ ನನ್ನದೇ.