ವಿಷಯ: ನಿಮ್ಮ ಕನ್ನಡ ನಕ್ಷೆಯಲ್ಲಿ ‘ಕೌವೆರಿ’ ಎಂದಿರುವುದನ್ನು ‘ಕಾವೇರಿ’ ಎಂದು ತಿದ್ದುವ ಬಗ್ಗೆ ದೂರು

ಗೆ,
ಗ್ರಾಹಕ ಸೇವಾ ವಿಭಾಗ,
ನಕ್ಷೆ ಆ್ಯಪ್ ಕಂಪನಿ

ಮಾನ್ಯರೇ,

ಕಳೆದ ತಿಂಗಳು ಶ್ರೀರಂಗಪಟ್ಟಣದ ಹತ್ತಿರ ನಿಮ್ಮ ಆ್ಯಪನ್ನು ಕನ್ನಡದಲ್ಲಿ ತೆರೆದಿದ್ದೆ. ನದಿಯ ಮೇಲೆ ‘ಕೌವೆರಿ’ ಅಂತ ಬರೆದಿತ್ತು. ಪಕ್ಕದಲ್ಲಿದ್ದ ಅಮ್ಮ ಅದನ್ನು ಓದಿ, ‘ಇದ್ಯಾವ ಹೊಳೆನೋ?’ ಅಂತ ಕೇಳಿದರು. ಹುಟ್ಟಿದಾಗಿನಿಂದ ಇದೇ ನದಿಯ ನೀರು ಕುಡಿದವರು ಅವರು. ನನಗೆ ತುಂಬಾ ಬೇಜಾರಾಯಿತು.

ಆ್ಯಪಿನಲ್ಲೇ ದೂರು ಕೊಟ್ಟೆ. ‘ಸರ್ಕಾರಿ ದಾಖಲೆಯ ಹೆಸರನ್ನೇ ಬಳಸಿದ್ದೇವೆ’ ಎಂದು ಉತ್ತರಿಸಿ ದೂರನ್ನು ಮುಚ್ಚಿಬಿಟ್ಟಿರಿ. ಈ ಉತ್ತರ ಸರಿಯಲ್ಲ.

ಆ ದಾಖಲೆಗಳಲ್ಲಿ ಇರುವುದು ಇಂಗ್ಲಿಷ್ ಕಾಗುಣಿತ, ಸಿ-ಎ-ಯು ಅಂತ ಶುರುವಾಗುವುದು. ನಮ್ಮ ‘ಕಾ’ವನ್ನು ಬ್ರಿಟಿಷರು ಹಾಗೆ ಬರೆದುಕೊಂಡರು. ಈ ನದಿಯ ನೀರಿನ ಬಗ್ಗೆ ಆದ 1924ರ ಮೈಸೂರು–ಮದ್ರಾಸ್ ಒಪ್ಪಂದ, 1990ರ ನ್ಯಾಯಮಂಡಳಿ, 2018ರ ನೀರು ನಿರ್ವಹಣಾ ಪ್ರಾಧಿಕಾರ, ಎಲ್ಲದರಲ್ಲೂ ಇಂಗ್ಲಿಷಿನಲ್ಲಿ ಅದೇ ಉಳಿದಿದೆ. ಇರಲಿ, ನನ್ನ ತಕರಾರಿಲ್ಲ. ಆದರೆ ಆ ಅಕ್ಷರಗಳನ್ನು ಯಂತ್ರದ ಕೈಲಿ ಮತ್ತೆ ಕನ್ನಡಕ್ಕೆ ತಿರುಗಿಸಿದರೆ ಹೆಸರೇ ಕೆಡುತ್ತದೆ ಅಲ್ವಾ?

2ನೇ ಶತಮಾನದಲ್ಲಿ ಗ್ರೀಕ್ ಭಾಷೆಯಲ್ಲಿ ಬರೆದ ಭೂಗೋಳಜ್ಞ ಟಾಲೆಮಿಗೆ ಇದು ‘ಖಾಬೇರೋಸ್’ ಆಗಿತ್ತು. ಹೊರಗಿನವರು ಬರೆದುಕೊಂಡ ರೀತಿ ಹೀಗೆ ಬದಲಾಗುತ್ತಾ ಬಂದಿದೆ. ಕನ್ನಡದಲ್ಲಿ ಮಾತ್ರ 9ನೇ ಶತಮಾನದ ಕವಿರಾಜಮಾರ್ಗದಲ್ಲೂ ಇದು ಕಾವೇರಿಯೇ. ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಎಂದು ಹೇಳುವಾಗ ಅಲ್ಲಿ ಬಂದಿರುವ ಹೆಸರು ಇದೇ.

ಬ್ರಿಟಿಷರು ಕೃಷ್ಣೆಯನ್ನು ‘ಕಿಸ್ಟ್ನಾ’ ಅಂತ ಬರೆಯುತ್ತಿದ್ದರು. ಆ ಕಾಗುಣಿತ ಇಂಗ್ಲಿಷಿನಲ್ಲೇ ಬಿಟ್ಟುಹೋಯಿತು, ಹಾಗಾಗಿ ನಿಮ್ಮ ನಕ್ಷೆಯಲ್ಲೂ ಕೃಷ್ಣಾ ಸರಿಯಾಗಿದೆ. ಇನ್ನೂ ಒಂದು ನೋಡಿ. ಕೊಡಗಿನ ‘ತಲಕಾವೇರಿ’ಯನ್ನು ನೀವು ಸರಿಯಾಗೇ ಬರೆದಿದ್ದೀರಿ. ಅಲ್ಲೇ ಹುಟ್ಟುವ ನದಿ ಮಾತ್ರ ‘ಕೌವೆರಿ’!

ಹುಡುಕುವಾಗಲೂ ತೊಂದರೆ. ‘ಕಾವೇರಿ’ ಅಂತ ಹಾಕಿದರೆ ಆ ಹೆಸರಿನ ಹೋಟೆಲು, ಅಂಗಡಿಗಳೇ ಜಾಸ್ತಿ ಬರುತ್ತವೆ, ನದಿ ಬರುವುದೇ ಇಲ್ಲ.

ದಯವಿಟ್ಟು ಕನ್ನಡ ನಕ್ಷೆಯಲ್ಲಿ ನದಿಯುದ್ದಕ್ಕೂ ‘ಕಾವೇರಿ’ ಎಂದು ತಿದ್ದಿಸಿ. ಹಳೆಯ ಇಂಗ್ಲಿಷ್ ಕಾಗುಣಿತವನ್ನು ಅಳಿಸಬೇಡಿ, ಹಳೇ ಕಾಗದಪತ್ರ ನೋಡುವವರಿಗೆ ಅದು ಬೇಕು. ಯಾವ ಕಾಗುಣಿತ ಹಾಕಿ ಹುಡುಕಿದರೂ ಇದೇ ನದಿ ಸಿಗುವ ಹಾಗೆ ಮಾಡಿ. ಈ ಸಲ ಸುಮ್ನೆ ದೂರು ಮುಚ್ಚದೆ, ಯಾವಾಗ ಸರಿಮಾಡುತ್ತೀರಿ ಎಂದು ತಿಳಿಸಿ. ತಪ್ಪು ಕಾಣುವ ಪರದೆಯ ಚಿತ್ರಗಳನ್ನು ಜೊತೆಗೆ ಕಳಿಸಿದ್ದೇನೆ.

ಇಂತಿ,
ನಿಮ್ಮ ಆ್ಯಪಿನ ಗ್ರಾಹಕ