ಪುಟ್ಟಿಗೆ, ಒಂದು ಕ್ಯಾಸೆಟ್ಟಿನ ವಿಷಯ

ಸೋಮವಾರಪೇಟೆ
ಆಗಸ್ಟ್ 2025

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದ.

ಎರಡು ದಿನದಿಂದ ಕರೆಂಟಿಲ್ಲ. ನೆಟ್‌ವರ್ಕೂ ಇಲ್ಲ. ಮಳೆ ಮಾತ್ರ ಬಿಟ್ಟಿಲ್ಲ. ಫೋನಿನಲ್ಲಿ ಹೇಳಿದರೆ ನೀನು ‘ಹೂಂ ದೊಡ್ಡಮ್ಮ, ಹೂಂ ದೊಡ್ಡಮ್ಮ’ ಅಂತ ಇಟ್ಟುಬಿಡುತ್ತೀಯ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ನಿಧಾನಕ್ಕೆ ಓದು.

ಹೋದ ವಾರ ನಿನ್ನ ಅಮ್ಮ ಫೋನ್ ಮಾಡಿ ಅತ್ತಳು. ನಿನ್ನ ಮಂಚದ ಕೆಳಗೆ ಒಂದು ಶೂ ಡಬ್ಬಿ ಸಿಕ್ಕಿತಂತೆ. ಅದರ ತುಂಬಾ ಬಿಟಿಎಸ್ ಅನ್ನೋ ಕೊರಿಯಾ ಬ್ಯಾಂಡಿನ ಹುಡುಗರ ಫೋಟೋ ಕಾರ್ಡುಗಳು. ಅವಳ ಫೋನಿಂದ ಮೂರು ಸಲ ದುಡ್ಡು ಹೋಗಿದೆ, ಒಟ್ಟು 4,200 ರೂಪಾಯಿ. ‘ದುಡ್ಡು ಹೋದರೆ ಹೋಗಲಿ ಅಕ್ಕ, ನನ್ನ ಹತ್ತಿರ ಒಂದು ಮಾತು ಹೇಳಲಿಲ್ಲವಲ್ಲ’ ಅಂದಳು. ನಿನ್ನ ಅಪ್ಪ ಗೋಡೆಯ ಪೋಸ್ಟರ್ ಕಿತ್ತುಹಾಕಿದ್ದನ್ನೂ ಹೇಳಿದಳು. ಅದು ತಪ್ಪು. ಅವರಿಗೂ ನಾನು ಅದನ್ನೇ ಹೇಳಿದ್ದೇನೆ.

ನಿನಗೆ ಬೈಯೋಕೆ ಬರೆಯುತ್ತಿಲ್ಲ, ಮಗಳೇ. ನಿನ್ನ ವಯಸ್ಸಿನಲ್ಲಿ ನನಗೂ ಒಂದು ಬ್ಯಾಂಡ್ ಇತ್ತು.

1984ನೇ ಇಸವಿ. ನಾನು ಆರನೇ ಕ್ಲಾಸು, ಕನ್ನಡ ಮೀಡಿಯಂ. ಮಿಲಿಟರಿಯಲ್ಲಿದ್ದ ನಮ್ಮ ಸೋದರಮಾವ ರಜೆಗೆ ಬಂದಾಗ ಒಂದು ಟೇಪ್ ರೆಕಾರ್ಡರ್ ತಂದರು. ಜೊತೆಗೆ ನಾಲ್ಕು ಕ್ಯಾಸೆಟ್. ಮೂರು ಹಿಂದಿ, ಒಂದು ಅಬ್ಬಾ. ‘ಅಬ್ಬಾ’ ಅಂತ ಹೇಳಿದರೆ ನಿನ್ನ ಅಜ್ಜಿ ಒಳಗಿಂದ ‘ಏನಾಯ್ತೇ, ಬಿದ್ಯಾ?’ ಅಂತ ಓಡಿ ಬರುತ್ತಿದ್ದರು. ಅಗ್ನೆಥಾ, ಬ್ಯೋರ್ನ್, ಬೆನ್ನಿ, ಆನಿ-ಫ್ರಿಡ್. ಸ್ವೀಡನ್ ದೇಶದ ಈ ನಾಲ್ವರ ಹೆಸರಿನ ಮೊದಲ ಅಕ್ಷರ ಸೇರಿ ಆದ ಹೆಸರು ಅದು. 1974ರಲ್ಲಿ ಇಂಗ್ಲೆಂಡಿನ ಬ್ರೈಟನ್‌ನಲ್ಲಿ ನಡೆದ ಯೂರೋವಿಷನ್ ಸ್ಪರ್ಧೆಯಲ್ಲಿ ‘ವಾಟರ್‌ಲೂ’ ಹಾಡಿ ಗೆದ್ದವರು. ಇದೆಲ್ಲ ನನಗೆ ಆಮೇಲೆ ಗೊತ್ತಾಗಿದ್ದು. ಆಗ ಗೊತ್ತಿದ್ದದ್ದು ಇಷ್ಟೇ: ಆ ಇಬ್ಬರು ಹೆಂಗಸರು ಒಟ್ಟಿಗೆ ದನಿ ಎತ್ತಿದರೆ ನನಗೆ ಮೈ ಜುಮ್ ಅನ್ನುತ್ತಿತ್ತು. ಕಾಫಿ ಹೂ ಬಿಟ್ಟ ದಿನ ಬೆಳಿಗ್ಗೆ ಬಾಗಿಲು ತೆಗೆದರೆ ಘಮ್ ಅಂತ ಬರುತ್ತದಲ್ಲ, ಹಾಗೆ.

ನನ್ನ ಜೊತೆ ಕುಣಿಯುತ್ತಿದ್ದವಳು ಯಾರು ಗೊತ್ತಾ? ನಿನ್ನ ಅಮ್ಮ. ಆಗ ಅವಳಿಗೆ ಐದು ವರ್ಷ. ನಿನ್ನ ಅಜ್ಜಿಯ ಸೀರೆ ಸುತ್ತಿಕೊಂಡು ಕಣದಲ್ಲಿ ಗಿರಗಿರ ತಿರುಗುತ್ತಿದ್ದಳು.

ನನಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಕಿವಿಗೆ ಕೇಳಿದ್ದನ್ನು ಹಾಗೇ ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳುತ್ತಿದ್ದೆ. ಬೇರೆ ನೋಟ್‌ಬುಕ್ ಇರಲಿಲ್ಲ, ನಿನ್ನ ಅಜ್ಜನ ಚೆಕ್‌ರೋಲ್ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರೆದೆ. ಮುಂದೆ ಆಳುಗಳ ಹೆಸರು, ಹಾಜರಿ, ಕೂಲಿ. ಹಿಂದೆ ನನ್ನ ಅಬ್ಬಾ. ಒಂದು ಶನಿವಾರ ಸಂಜೆ ಬಟವಾಡೆ ಹೊತ್ತಿಗೆ ಅಪ್ಪನ ಕೈಗೆ ಆ ಹಾಳೆ ಬಂತು. ಅಪ್ಪ ಎಲ್ಲರೆದುರು ಗಟ್ಟಿಯಾಗಿ ಓದಿಬಿಟ್ಟರು. ಲೈನ್ ಮನೆಯ ಆಳುಗಳೆಲ್ಲ ಬಿದ್ದು ಬಿದ್ದು ನಕ್ಕರು. ಅಪ್ಪನೂ ನಕ್ಕರು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ನನಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು.

ಅವತ್ತೇ ರಾತ್ರಿ ಆ ಕ್ಯಾಸೆಟ್ಟನ್ನು ಹಳೇ ಟ್ರಂಕಿನ ತಳದಲ್ಲಿ, ಕಂಬಳಿ ಅಡಿ ಬಚ್ಚಿಟ್ಟೆ. ‘ಕಳೆದುಹೋಯಿತು’ ಅಂತ ಎಲ್ಲರಿಗೂ ಸುಳ್ಳು ಹೇಳಿದೆ. ಅದು ಮೇ ತಿಂಗಳು. ಆಮೇಲೆ ಮಳೆ ಹಿಡಿಯಿತು. ನಮ್ಮ ಮಳೆ ಗೊತ್ತಲ್ಲ, ಜೂನ್‌ನಿಂದ ಮೂರು ತಿಂಗಳು ಚಪ್ಪಲಿಗೂ ಬೆಲ್ಟಿಗೂ ಬೂಷ್ಟು ಬರುತ್ತದೆ. ಸೆಪ್ಟೆಂಬರ್‌ನಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಟ್ರಂಕು ತೆಗೆದೆ. ಡಬ್ಬಿಯ ಕಿಟಕಿಯಲ್ಲಿ ಕಂದು ರೀಲಿನ ಅಂಚಿಗೆಲ್ಲ ಬಿಳಿ ಬಿಳಿ, ಹಿಟ್ಟು ಉದುರಿಸಿದ ಹಾಗೆ. ಲಂಗದ ತುದಿಯಲ್ಲಿ ಒರೆಸಿ ಹಾಕಿದೆ. ಆ ಹೆಂಗಸರ ದನಿ ಬಾವಿಯೊಳಗಿಂದ ಬಂದ ಹಾಗೆ ಬಂತು. ಎರಡನೇ ಹಾಡಿಗೆ ರೀಲು ಸುತ್ತಿಕೊಂಡು ಕಚ್ಚಿಕೊಂಡಿತು. ನಾನು ಅಲ್ಲೇ ಕೂತು ಅತ್ತೆ.

ಅಪ್ಪ ತೋಟದಿಂದ ಬಂದರು. ಏನೂ ಕೇಳಲಿಲ್ಲ. ಲಾಟೀನು ಹತ್ತಿರ ಎಳೆದುಕೊಂಡು ಕೂತರು. ಪೊರಕೆ ಕಡ್ಡಿ ತುದಿಗೆ ಹತ್ತಿ ಸುತ್ತಿ, ಸ್ವಲ್ಪ ಸ್ವಲ್ಪವೇ ರೀಲು ಎಳೆದು ಒರೆಸಿದರು. ಹರಿದ ಕಡೆ ಅಂಟಿನ ಟೇಪು ಹಚ್ಚಿದರು. ಪೆನ್ಸಿಲ್ ಹಾಕಿ ತಿರುಗಿಸಿ ತಿರುಗಿಸಿ ಒಳಗೆ ಸುತ್ತಿದರು. ರಾತ್ರಿ ಊಟ ತಣ್ಣಗಾಯಿತು. ಕೊನೆಗೆ ನನ್ನ ಕೈಗೆ ಕೊಡುತ್ತಾ, ‘ನನಗೆ ಹೇಳಿದ್ದಿದ್ದರೆ ಒಲೆ ಮೇಲಿನ ಅಟ್ಟದಲ್ಲಿ ಇಡ್ತಿದ್ದೆನಲ್ಲವಾ? ಬೀಜದ ಭತ್ತ ಇಡೋ ಜಾಗ. ಅಲ್ಲಿ ಏನೂ ಕೆಡಲ್ಲ’ ಅಂದರು.

ಅವರು ನಕ್ಕಿದ್ದು ನನಗೆ ಎಷ್ಟು ನೋವಾಗಿತ್ತು ಅಂತ ಅವತ್ತು ಹೇಳಿದೆ. ಅಪ್ಪ ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ಯಾವತ್ತೂ ನನ್ನ ಹಾಡಿಗೆ ನಗಲಿಲ್ಲ. ಮೂರು ಹಾಡು ಉಳಿದವು, ಪುಟ್ಟಿ. ಮಿಕ್ಕದ್ದೆಲ್ಲ ಹೋಯಿತು.

ಹೊಸ ಕ್ಯಾಸೆಟ್ ಯಾವಾಗ ಬರುತ್ತೆ ಅಂತ ಮಾವನಿಗೆ ಪ್ರತಿ ಪತ್ರದಲ್ಲೂ ಕೇಳುತ್ತಿದ್ದೆ. ನಾನು ಕೇಳಲು ಶುರು ಮಾಡುವ ಹೊತ್ತಿಗೇ ಅವರು ಒಟ್ಟಿಗೆ ಹಾಡುವುದು ನಿಲ್ಲಿಸಿ ಎರಡು ವರ್ಷವಾಗಿತ್ತು ಅಂತ ಹೈಸ್ಕೂಲಿಗೆ ಬಂದ ಮೇಲೆ ಗೊತ್ತಾಯಿತು. ಇಬ್ಬಿಬ್ಬರು ಗಂಡ ಹೆಂಡತಿ, ಎರಡೂ ಸಂಸಾರ ಮುರಿದಿತ್ತು. ಆನಿ-ಫ್ರಿಡ್ ನಾರ್ವೆಯಲ್ಲಿ ಹುಟ್ಟಿದವರು. ಅಪ್ಪ ಜರ್ಮನ್ ಸೈನಿಕ, ಯುದ್ಧ ಮುಗಿದ ಮೇಲೆ ಹೊರಟುಹೋದ. ಅಮ್ಮ ಬೇಗ ತೀರಿಕೊಂಡರು. ಅಜ್ಜಿ ಸ್ವೀಡನ್‌ಗೆ ಕರೆತಂದು ಸಾಕಿದರು. ಇದನ್ನೆಲ್ಲ ಓದಿದ ಮೇಲೆ ನನಗೆ ಅವರ ಹಾಡು ಇನ್ನೂ ಜಾಸ್ತಿ ಇಷ್ಟವಾಯಿತು. ನಗುವ ಮುಖದ ಹಿಂದೆ ಒಬ್ಬ ಮನುಷ್ಯೆ ಇದ್ದಾಳೆ ಅಂತ ಗೊತ್ತಾಯಿತಲ್ಲ.

ಅಬ್ಬಾದವರು 40 ವರ್ಷದ ಮೇಲೆ, 2021ರ ನವೆಂಬರ್‌ನಲ್ಲಿ, ಹೊಸ ಆಲ್ಬಮ್ ತಂದರು. ನನಗೆ ಮೊದಲು ಲಿಂಕ್ ಕಳಿಸಿದ್ದು ನಿನ್ನ ಅಮ್ಮನೇ. ‘ಅಕ್ಕ, ಕೇಳು’ ಅಂತ ಅಷ್ಟೇ ಬರೆದಿದ್ದಳು. ಜಗಲಿಯಲ್ಲಿ ಕೂತು ಕೇಳಿದೆ, ಕಣ್ಣಲ್ಲಿ ನೀರು ಬಂತು. ಅವಳಿಗೆ ಫೋನ್ ಮಾಡಿದರೆ ಅವಳೂ ಅಳುತ್ತಿದ್ದಳು. ಇಂಥ ಅಮ್ಮನಿಂದ ನೀನು ಬಚ್ಚಿಟ್ಟೆ ನೋಡು. ಅವಳಿಗೆ ಅರ್ಥವಾಗಲ್ಲ ಅಂತ ನೀನೇ ತೀರ್ಮಾನ ಮಾಡಿದೆ.

ಅವಳ ಭಯವೂ ಸುಮ್ನೆ ಅಲ್ಲ. 2024ರ ಜನವರಿಯಲ್ಲಿ ತಮಿಳುನಾಡಿನ ಕರೂರು ಕಡೆಯ ಮೂವರು ಹುಡುಗಿಯರು ಬಿಟಿಎಸ್ ನೋಡಬೇಕು ಅಂತ ಮನೆ ಬಿಟ್ಟು ಹೊರಟಿದ್ದರು. 13 ವರ್ಷದವರು. ವಿಶಾಖಪಟ್ಟಣದಿಂದ ಹಡಗು ಹತ್ತಿ ಕೊರಿಯಾಕ್ಕೆ ಹೋಗುವ ಯೋಚನೆ. ಕಾಟ್ಪಾಡಿ ರೈಲ್ವೆ ಸ್ಟೇಷನ್ನಿನಲ್ಲಿ ಸಿಕ್ಕರು, ದೇವರು ದೊಡ್ಡವನು. ನಿನ್ನ ಅಮ್ಮ ಅದನ್ನು ಪೇಪರಿನಲ್ಲಿ ಓದಿದ್ದಾಳೆ. ಶೂ ಡಬ್ಬಿ ನೋಡಿದ ರಾತ್ರಿ ಅವಳಿಗೆ ನೆನಪಾಗಿದ್ದು ಅದೇ.

ದುಡ್ಡಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಹೇಳದೆ ತೆಗೆದದ್ದು ತಪ್ಪು, ತೀರಿಸಬೇಕು. ಆಲ್ಬಮ್ ಒಳಗೆ ಯಾರ ಕಾರ್ಡ್ ಬರುತ್ತೆ ಅಂತ ಮೊದಲೇ ಗೊತ್ತಾಗಲ್ಲ, ಹಾಗಾಗಿ ಬೇಕಾದವರದು ಬರುವ ತನಕ ಕೊಳ್ಳುತ್ತಲೇ ಇರುತ್ತೀರ. ಅದು ವ್ಯಾಪಾರ, ಪುಟ್ಟಿ. ಹಾಡು ಒಂದೇ ಅಲ್ವಾ? ಒಂದು ಆಲ್ಬಮ್ ಸಾಕು. ಈ ಸಲ ಕಾಫಿ ಕೊಯ್ಲಿಗೆ ನಮ್ಮ ತೋಟಕ್ಕೆ ಬಾ. ಗಿಡದಡಿ ಉದುರಿದ ಹಣ್ಣು ಹೆಕ್ಕು, ಎಲ್ಲರಿಗೂ ಕೊಡುವ ಹಾಗೆ ತೂಕ ಹಾಕಿ ಕೊಡುತ್ತೇನೆ. ನಾವೂ ಚಿಕ್ಕವರಿದ್ದಾಗ ಕೈಖರ್ಚಿಗೆ ಹಾಗೇ ದುಡಿದದ್ದು.

ಇನ್ನೊಂದು ವಿಷಯ ಇದೆ, ಇದು ನನಗೆ ತುಂಬಾ ಖುಷಿ ಕೊಟ್ಟಿತು. ನೀನೂ ಕೊರಿಯನ್ ಹಾಡುಗಳನ್ನು ಕನ್ನಡ ಅಕ್ಷರದಲ್ಲಿ ಬರೆದಿಟ್ಟಿದ್ದೀಯಂತೆ! ನನ್ನ ಚೆಕ್‌ರೋಲ್ ಪುಸ್ತಕ ನೆನಪಾಯಿತು. ಆದರೆ ಅಷ್ಟಕ್ಕೇ ನಿಲ್ಲಿಸಬೇಡ, ಅವರ ಅಕ್ಷರವನ್ನೇ ಕಲಿ. ಅವರ ಲಿಪಿಗೆ ಹಂಗುಲ್ ಅಂತ ಹೆಸರು. ಚೀನೀ ಅಕ್ಷರ ಕಲಿಯಲಾಗದ ಸಾಮಾನ್ಯ ಜನರೂ ಓದಲಿ ಅಂತ ಸೆಜೊಂಗ್ ಎಂಬ ದೊರೆ ಮಾಡಿಸಿ, 1446ರಲ್ಲಿ ಜನರ ಕೈಗೆ ಕೊಟ್ಟ ಲಿಪಿ. ಮೂಲ ಅಕ್ಷರ 24 ಮಾತ್ರ, 14 ವ್ಯಂಜನ, 10 ಸ್ವರ. ನಮ್ಮ ಕಾಗುಣಿತದ ಹಾಗೇ ವ್ಯಂಜನಕ್ಕೆ ಸ್ವರ ಕೂಡಿಸಿ ಒಂದು ಗುಂಪು ಮಾಡುತ್ತಾರೆ. ಕ್ರಿಯಾಪದ ನಮ್ಮ ಹಾಗೆ ಕೊನೆಗೆ ಬರುತ್ತದೆ. ಅವರೂ ಅಪ್ಪನಿಗೆ ‘ಅಪ್ಪ’ ಅಂತಲೇ ಕರೆಯುತ್ತಾರೆ. ಇಂಗ್ಲಿಷ್ ಕಲಿತದ್ದಕ್ಕಿಂತ ಬೇಗ ಕಲಿಯುತ್ತೀಯ. ಅಬ್ಬಾ ಇಲ್ಲದಿದ್ದರೆ ನಾನು ಡಿಕ್ಷನರಿ ಮುಟ್ಟುತ್ತಿರಲಿಲ್ಲ, ಮುಂದೆ ಇಂಗ್ಲಿಷ್ ಟೀಚರೂ ಆಗುತ್ತಿರಲಿಲ್ಲ.

ನಿಮ್ಮ ಬಿಟಿಎಸ್‌ನ ಜಿನ್ ಕಡ್ಡಾಯ ಸೇವೆಗೆ ಅಂತ ಮಿಲಿಟರಿಗೆ ಹೋದಾಗ ನೀನು ಎರಡು ದಿನ ಊಟ ಬಿಟ್ಟಿದ್ದೆಯಂತೆ. 2022ರ ಡಿಸೆಂಬರ್‌ನಲ್ಲಿ ಹೋದವನು 2024ರ ಜೂನ್‌ನಲ್ಲಿ ಬಂದ. ಈ ಜೂನ್ ಹೊತ್ತಿಗೆ ಏಳೂ ಜನ ಮುಗಿಸಿ ಬಂದರು. ಮಿಲಿಟರಿಗೆ ಹೋದವರ ದಾರಿ ಕಾಯುವುದು ಕೊಡಗಿನ ಮನೆಗಳಿಗೆ ಹೊಸದಲ್ಲ. ನಿಮ್ಮ ಮಡಿಕೇರಿಯ ಸನ್ನಿಸೈಡ್ ಮ್ಯೂಸಿಯಂ ಇದೆಯಲ್ಲ, ಜನರಲ್ ತಿಮ್ಮಯ್ಯನವರ ಮನೆ, ಅಲ್ಲಿಗೆ ಅಪ್ಪನನ್ನು ಕರೆದುಕೊಂಡು ಹೋಗು. 1953ರಲ್ಲಿ ಕೊರಿಯಾ ಯುದ್ಧ ನಿಂತಾಗ ವಾಪಸ್ ಹೋಗಲು ಒಪ್ಪದ ಕೈದಿಗಳು 22,000ಕ್ಕೂ ಹೆಚ್ಚು ಜನ ಇದ್ದರು. ಅವರ ವಿಷಯ ನೋಡಿಕೊಳ್ಳಲು ಐದು ದೇಶಗಳ ಆಯೋಗ ಮಾಡಿದರು. ಅದರ ಅಧ್ಯಕ್ಷರಾಗಿ ಕೊರಿಯಾಕ್ಕೆ ಹೋದವರು ನಮ್ಮ ತಿಮ್ಮಯ್ಯನವರು. ‘ಎಲ್ಲಿಯ ಕೊರಿಯಾ, ಎಲ್ಲಿಯ ಕೊಡಗು’ ಅಂತ ಅಪ್ಪ ಕೇಳಿದರಂತಲ್ಲ, ಅಲ್ಲೇ ನಿಂತು ಈ ಕತೆ ಹೇಳು. ಕೋಪದಲ್ಲಿ ಹೇಳಬೇಡ. ಕೇಳುತ್ತಾರೆ, ನನಗೆ ಗೊತ್ತು.

ನೀನು ಆ ಹುಡುಗರನ್ನು ಬಿಡಬೇಕಾಗಿಲ್ಲ. ಯಾರು ಏನೇ ಅನ್ನಲಿ, ಇಷ್ಟಪಟ್ಟದ್ದಕ್ಕೆ ನಾಚಬೇಡ. ಈ ಪತ್ರ ಸಿಕ್ಕಿದ ದಿನವೇ ಅಮ್ಮನ ಪಕ್ಕ ಕೂತು ನಿನಗೆ ತೀರಾ ಇಷ್ಟವಾದ ಒಂದು ಹಾಡು ಹಾಕು. ಅರ್ಥ ಹೇಳಬೇಕಾಗಿಲ್ಲ. ಅವಳು ಸುಮ್ಮನೆ ಕೇಳಲಿ.

ಮತ್ತೆ ಆ ಶೂ ಡಬ್ಬಿ ಮಂಚದ ಕೆಳಗೆ ಇಡಬೇಡ. ಈ ಮಳೆಗೆ ನೆಲದ ತಂಡಿ ಹತ್ತಿ ಕಾರ್ಡುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಬಿಡಿಸಿದರೆ ಮುಖವೇ ಕಿತ್ತು ಬರುತ್ತದೆ. ಅಮ್ಮ ರೇಷ್ಮೆ ಸೀರೆ ಇಡುವ ಬೀರುವಿನಲ್ಲಿ ಮಳೆಗಾಲ ಪೂರ್ತಿ ಒಂದು ಬಲ್ಬು ಉರಿಸಿಡುತ್ತಾಳೆ, ನೋಡಿದ್ದೀಯಲ್ಲ. ಅದರಲ್ಲಿ ಸ್ವಲ್ಪ ಜಾಗ ಕೊಡು ಅಂತ ಅವಳನ್ನೇ ಕೇಳು.

ನಿನ್ನ
ದೊಡ್ಡಮ್ಮ