ಒಂದೇ ಪಿನ್ನಿಗೆ ಮೂರು ನಂಬರ್ ಏಕೆ?

ಮಾನ್ಯ ಸಂಪಾದಕರೇ,

ಯುರೋಪಿನ ದೇಶಗಳು ರಕ್ಷಣಾ ವೆಚ್ಚವನ್ನು ಏರಿಸುತ್ತಿರುವುದರಿಂದ ತುಮಕೂರಿನಂತಹ ಜಿಲ್ಲೆಗಳ ಸಣ್ಣ ಕಾರ್ಖಾನೆಗಳಿಗೂ ಕೆಲಸ ಹರಿದು ಬರಬಹುದೆಂಬ ಆಶಯದ ಬರಹವೊಂದು ಇತ್ತೀಚೆಗೆ ತಮ್ಮ ಪತ್ರಿಕೆಯಲ್ಲಿ ಪ್ರಕಟವಾಗಿತ್ತು. ಅಮೆರಿಕ, ಕೆನಡಾ ಮತ್ತು ಯುರೋಪಿನ ಹಲವು ದೇಶಗಳ ಸೇನಾ ಕೂಟವಾದ ನ್ಯಾಟೊ ಒಕ್ಕೂಟದ ದೇಶಗಳು 2025ರ ಜೂನ್‌ನಲ್ಲಿ ಹೇಗ್ ನಗರದಲ್ಲಿ ಸಭೆ ಸೇರಿ, 2035ರ ಹೊತ್ತಿಗೆ ತಮ್ಮ ಜಿಡಿಪಿಯ ಶೇ 5ರಷ್ಟನ್ನು ರಕ್ಷಣೆ ಮತ್ತು ಅದಕ್ಕೆ ಸಂಬಂಧಿಸಿದ ಬಾಬ್ತುಗಳಿಗೆ ಮೀಸಲಿಡಲು ಒಪ್ಪಿರುವುದು ನಿಜ. ಹಿರೇಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಯಂತ್ರಗಳ ಬಿಡಿಭಾಗ ತಯಾರಿಸುವ ಸಣ್ಣ ಘಟಕವನ್ನು ನಡೆಸುತ್ತಿರುವ ನಾನು ಆ ಬರಹವನ್ನು ಎರಡು ಸಲ ಓದಿದೆ. ಅಲ್ಲಿಂದ ನಮಗೆ ಆರ್ಡರ್ ಬರುತ್ತದೋ ಇಲ್ಲವೋ, ಅಲ್ಲಿ ಆರ್ಡರ್ ಕೊಡುವ ಕ್ರಮವನ್ನಾದರೂ ನಮ್ಮ ಖರೀದಿ ಅಧಿಕಾರಿಗಳು ಗಮನಿಸಬೇಕೆಂದು ಕೋರುವುದಕ್ಕಾಗಿ ಈ ಪತ್ರವನ್ನು ಬರೆಯುತ್ತಿದ್ದೇನೆ.

ಮೊದಲಿಗೆ ಒಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸಬೇಕು. ನ್ಯಾಟೊ ಎಂಬ ಒಂದೇ ಸೈನ್ಯ ಇದ್ದು, ಅದು ಒಂದೇ ಉಗ್ರಾಣದಿಂದ ತನ್ನ ಸಾಮಾನು ಪಡೆಯುತ್ತದೆ ಎಂದು ಬಹಳ ಮಂದಿ ಭಾವಿಸಿದ್ದಾರೆ. ಈಗ ಅದರಲ್ಲಿ 32 ದೇಶಗಳಿವೆ. ಪ್ರತಿ ದೇಶದ ಸೈನ್ಯದ ಊಟ, ಇಂಧನ, ಬಿಡಿಭಾಗ, ದುರಸ್ತಿಯ ಹೊಣೆ ಮೂಲತಃ ಆಯಾ ದೇಶದ್ದೇ. ಆದರೆ ಒಂದೇ ಬಗೆಯ ವಿಮಾನವನ್ನೋ ಕ್ಷಿಪಣಿಯನ್ನೋ ಬಳಸುವ ದೇಶಗಳು ಬೇರೆ ಬೇರೆಯಾಗಿ ಮಾರುಕಟ್ಟೆಗೆ ಹೋದರೆ ದರವೂ ಹೆಚ್ಚು, ಕಾಯುವ ಕಾಲವೂ ಹೆಚ್ಚು ಎಂಬುದು ಅವರಿಗೆ ಬಹಳ ಹಿಂದೆಯೇ ಅರಿವಾಯಿತು. ಹಾಗಾಗಿ 1958ರಲ್ಲಿಯೇ ನಿರ್ವಹಣೆ ಮತ್ತು ಬಿಡಿಭಾಗ ಪೂರೈಕೆಗೆಂದು ಒಂದು ಸಂಸ್ಥೆಯನ್ನು ಕಟ್ಟಿಕೊಂಡರು. ನ್ಯಾಟೊದ ಸೇನಾ ವ್ಯವಸ್ಥೆಯಿಂದ ಫ್ರಾನ್ಸ್ ಹೊರನಡೆದ ಬಳಿಕ, ಆವರೆಗೆ ಆ ದೇಶದಲ್ಲಿದ್ದ ಸಂಸ್ಥೆ ಲಕ್ಸೆಂಬರ್ಗಿಗೆ ಸ್ಥಳಾಂತರಗೊಂಡಿತು. 2012ರಲ್ಲಿ ವಾಯು ಸಾಗಣೆಯ ಸಂಸ್ಥೆಯನ್ನೂ ಮಧ್ಯ ಯುರೋಪಿನ ಇಂಧನ ಕೊಳವೆ ಮಾರ್ಗದ ಸಂಸ್ಥೆಯನ್ನೂ ಅದರೊಂದಿಗೆ ವಿಲೀನಗೊಳಿಸಲಾಯಿತು. ಈಗ ಅದರ ಹೆಸರು ನ್ಯಾಟೊ ಬೆಂಬಲ ಮತ್ತು ಖರೀದಿ ಸಂಸ್ಥೆ; ಕಚೇರಿ ಇರುವುದು ಲಕ್ಸೆಂಬರ್ಗಿನ ಕಪೆಲೆನ್ ಎಂಬ ಊರಿನಲ್ಲಿ.

ಈ ಸಂಸ್ಥೆ ಲಾಭ ನಷ್ಟವಿಲ್ಲದ ಲೆಕ್ಕದಲ್ಲಿ ನಡೆಯುತ್ತದೆ. ಎರಡೋ ಹೆಚ್ಚೋ ದೇಶಗಳು ಒಂದು ಅಗತ್ಯಕ್ಕೆ ಪಾಲುದಾರಿಕೆ ಮಾಡಿಕೊಂಡು ಬಂದರೆ, ಅವುಗಳ ಬೇಡಿಕೆಯನ್ನು ಒಟ್ಟುಗೂಡಿಸಿ, ಟೆಂಡರ್ ಕರೆದು, ಕರಾರು ಮಾಡಿಕೊಂಡು, ಸಾಮಗ್ರಿ ಬಳಕೆಯಲ್ಲಿರುವಷ್ಟು ಕಾಲವೂ ಅದರ ದುರಸ್ತಿ ಮತ್ತು ಬಿಡಿಭಾಗಗಳ ಜವಾಬ್ದಾರಿಯನ್ನು ಹೊರುತ್ತದೆ. ತಗಲಿದ ಖರ್ಚನ್ನು ಆ ದೇಶಗಳು ಹಂಚಿಕೊಳ್ಳುತ್ತವೆ. ಏನು ಬೇಕು, ಎಷ್ಟು ಬೇಕು ಎಂಬ ತೀರ್ಮಾನ ದೇಶಗಳದ್ದು, ಕೊಂಡು ಕೊಡುವ ಕೆಲಸ ಸಂಸ್ಥೆಯದ್ದು. ಸಾಮಾನ್ಯವಾಗಿ ಟೆಂಡರ್‌ನಲ್ಲಿ ಭಾಗವಹಿಸುವ ಅವಕಾಶವಿರುವುದು ಸದಸ್ಯ ದೇಶಗಳ, ಈ ಸಂಸ್ಥೆಯಲ್ಲಿ ನೋಂದಾಯಿಸಿಕೊಂಡ ಕಂಪನಿಗಳಿಗೆ ಮಾತ್ರ. ಆದ್ದರಿಂದ ಹಿರೇಹಳ್ಳಿಯಿಂದಲೋ ವಸಂತನರಸಾಪುರದಿಂದಲೋ ನಾವು ನೇರವಾಗಿ ದರಪಟ್ಟಿ ಸಲ್ಲಿಸುವ ಪ್ರಶ್ನೆ ಸದ್ಯಕ್ಕಿಲ್ಲ. ಅಲ್ಲಿನ ಯಾವುದಾದರೂ ದೊಡ್ಡ ಕಂಪನಿಗೆ ಉಪಗುತ್ತಿಗೆಯಲ್ಲಿ ಕೆಲಸ ಮಾಡಿಕೊಟ್ಟರೆ ಉಂಟು. ಓದುಗರಿಗೆ ಇದನ್ನು ಮರೆಮಾಚಿ ಆಸೆ ಹುಟ್ಟಿಸುವುದು ಸರಿಯಲ್ಲ.

ಹಾಗಿದ್ದರೆ ತುಮಕೂರಿನವರಿಗೆ ಇದರ ಗೊಡವೆ ಏಕೆ ಎಂದು ಕೇಳಬಹುದು. ನನ್ನದೇ ಘಟಕದಲ್ಲಿ ನಡೆದದ್ದನ್ನು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ, ಹದಿನಾಲ್ಕು ತಿಂಗಳ ಅವಧಿಯಲ್ಲಿ, ಸರ್ಕಾರಿ ವಲಯದ ಮೂರು ಬೇರೆ ಬೇರೆ ಖರೀದಿದಾರರಿಂದ ನನಗೆ ಲಾಕಿಂಗ್ ಪಿನ್‌ಗಳ ಆರ್ಡರ್ ಬಂದಿತು. ನೆಲದ ಮೇಲೆ ವಿಮಾನವನ್ನು ಎಳೆದೊಯ್ಯುವ ಟೋ ಬಾರ್‌ಗೆ ಹಾಕುವ ಪಿನ್ ಅದು. ಅಂಗೈ ಉದ್ದ, 25 ಮಿಲಿಮೀಟರ್ ದಪ್ಪ, ಇಎನ್ 24 ಎಂಬ ಗಟ್ಟಿ ಮಿಶ್ರಲೋಹದ ಉಕ್ಕು. ಮೊದಲನೆಯವರಿಗೆ ಬೇಕಾದದ್ದು 30, ಎರಡನೆಯವರಿಗೆ 45, ಮೂರನೆಯವರಿಗೆ 20. ಮೂವರ ಡ್ರಾಯಿಂಗ್ ನಂಬರ್ ಬೇರೆ, ಪಾರ್ಟ್ ನಂಬರ್ ಬೇರೆ, ಇನ್‌ಸ್ಪೆಕ್ಷನ್ ಕ್ರಮ ಬೇರೆ. ಮೊದಲ ಡ್ರಾಯಿಂಗ್ 25 ಮಿಲಿಮೀಟರ್‌ಗೆ ಹದಿಮೂರು ಮೈಕ್ರಾನ್‌ವರೆಗೆ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಕಡಿಮೆ ಇರಬಹುದೆಂದು ಹೇಳುತ್ತಿತ್ತು. ಎರಡನೆಯದು ಏಳರಿಂದ ಇಪ್ಪತ್ತು ಮೈಕ್ರಾನ್ ಕಡಿಮೆ ಇರಬೇಕೆನ್ನುತ್ತಿತ್ತು. ಮೂರನೆಯದು ಎಂದೋ ಬರೆದಿಟ್ಟ ಹಳೆಯ ನಕ್ಷೆ, ಅಳತೆಗಳೆಲ್ಲ ಇಂಚಿನಲ್ಲಿದ್ದವು. ಹತ್ತು ಮೈಕ್ರಾನ್ ಕಡಿಮೆ ಇಟ್ಟು ಗ್ರೈಂಡಿಂಗ್ ಮಾಡಿದರೆ ಒಂದೇ ಪಿನ್ ಮೂರು ಗೇಜ್‌ಗಳಲ್ಲಿಯೂ ಪಾಸಾಗುತ್ತಿತ್ತು. ನಾನು ಮತ್ತು ನನ್ನ ಗ್ರೈಂಡಿಂಗ್ ಆಪರೇಟರ್ ಅದನ್ನು ಮೈಕ್ರೋಮೀಟರ್ ಹಿಡಿದು ನೋಡಿಕೊಂಡಿದ್ದೇವೆ.

ಅಳತೆ ಹೊಂದಿದ ಮಾತ್ರಕ್ಕೆ ಮೂರೂ ಒಂದೇ ಪಿನ್ ಎಂದು ತೀರ್ಮಾನಿಸುವ ಅಧಿಕಾರ ನನಗಿಲ್ಲ. ಅದು ವಿನ್ಯಾಸ ಮಾಡಿದವರದು, ಹಾಗೆಯೇ ಇರಬೇಕು. ಆದರೆ ಆ ಪ್ರಶ್ನೆಯನ್ನು ಕೇಳುವವರೇ ಇರಲಿಲ್ಲ ಎಂಬುದು ನನ್ನ ಅಳಲು. ಪರೀಕ್ಷಾ ಪ್ರಮಾಣಪತ್ರ ಸಮೇತ ಉಕ್ಕು ಬೇಕೆಂದರೆ ವ್ಯಾಪಾರಿ ಪೂರ್ತಿ ಸರಳನ್ನೇ ಕೊಳ್ಳಬೇಕೆನ್ನುತ್ತಾನೆ. ಉಕ್ಕನ್ನು ಕಾಯಿಸಿ ಗಟ್ಟಿಗೊಳಿಸುವ ಪೀಣ್ಯದ ಹೀಟ್ ಟ್ರೀಟ್‌ಮೆಂಟ್ ಅಂಗಡಿಯವರಿಗೆ ಇಪ್ಪತ್ತು ಪಿನ್ ಕೊಟ್ಟರೂ ಇನ್ನೂರು ಕೊಟ್ಟರೂ ಫರ್ನೇಸಿನ ಕನಿಷ್ಠ ಚಾರ್ಜ್ ಅಷ್ಟೇ. ಪ್ಲೇಟಿಂಗ್‌ಗೂ ಅದೇ ಲೆಕ್ಕ. ಮೂರು ಸಲ ಉಕ್ಕು ತಂದು, ಮೂರು ಸಲ ಸೆಟ್ಟಿಂಗ್ ಮಾಡಿ, ಮೂರು ಸಲ ಪೀಣ್ಯಕ್ಕೆ ಗಾಡಿ ಕಳುಹಿಸಿದ್ದರಿಂದ ನನಗೂ ನಷ್ಟವಾಯಿತು, ಸರ್ಕಾರದ ಬೊಕ್ಕಸಕ್ಕೂ ಹೊರೆಯಾಯಿತು. ಆಮೇಲೆ ಎರಡು ವರ್ಷ ಆ ಪಿನ್ನಿಗೆ ಒಂದು ವಿಚಾರಣೆಯೂ ಬರಲಿಲ್ಲ. ಯಂತ್ರದ ಮೇಲೆ ಪಿನ್ನನ್ನು ಹಿಡಿದಿಡಲು ಮಾಡಿಸಿದ ಫಿಕ್ಸ್‌ಚರ್‌ಗೆ ಎಣ್ಣೆ ಸವರಿ, ಗೋಣಿಚೀಲ ಸುತ್ತಿ ಮೂಲೆಯಲ್ಲಿ ಇಟ್ಟಿದ್ದೇವೆ.

ನ್ಯಾಟೊ ದೇಶಗಳು ಈ ತೊಡಕನ್ನು ಬಿಡಿಸಿಕೊಂಡ ಬಗೆ ಬಹಳ ಸರಳವಾದದ್ದು. ಒಂದು ವಸ್ತುವಿಗೆ ಹದಿಮೂರು ಅಂಕಿಗಳ ಒಂದೇ ಸಂಖ್ಯೆ. ಮೊದಲ ನಾಲ್ಕು ಅಂಕಿ ಅದು ಯಾವ ವರ್ಗದ ವಸ್ತು ಎಂಬುದನ್ನು ಹೇಳುತ್ತವೆ. ಮುಂದಿನ ಎರಡು, ಸಂಖ್ಯೆ ಕೊಟ್ಟ ದೇಶವನ್ನು. ಉಳಿದ ಏಳು, ಆ ವಸ್ತುವನ್ನೇ. 5305 ಎಂದರೆ ಸ್ಕ್ರೂಗಳ ವರ್ಗ, 5315 ಎಂದರೆ ಮೊಳೆ, ಕೀ ಮತ್ತು ಪಿನ್‌ಗಳ ವರ್ಗ. ಬೇರೆ ಬೇರೆ ಕಂಪನಿಗಳು ಬೇರೆ ಬೇರೆ ಹೆಸರಿನಿಂದ ತಯಾರಿಸಿದರೂ, ಆಕಾರ, ಅಳತೆ ಮತ್ತು ಕೆಲಸ ಒಂದೇ ಎಂದು ತಾಂತ್ರಿಕವಾಗಿ ಸಾಬೀತಾದರೆ ಅವೆಲ್ಲವೂ ಒಂದೇ ಸಂಖ್ಯೆಯ ಕೆಳಗೆ ಬರುತ್ತವೆ. ಒಂದು ದೇಶದ ಉಗ್ರಾಣದಲ್ಲಿ ಹೆಚ್ಚಾಗಿ ಬಿದ್ದಿರುವ ವಸ್ತು ಮತ್ತೊಂದು ದೇಶಕ್ಕೆ ತುರ್ತಾಗಿ ಬೇಕಾಗಿದೆ ಎಂಬುದು ತಿಳಿಯುವುದು ಹೀಗೆ. ನಮ್ಮಲ್ಲಿ ಎಷ್ಟೋ ಮಂದಿಗೆ ಗೊತ್ತಿಲ್ಲದ ಸಂಗತಿಯೆಂದರೆ, ಒಕ್ಕೂಟದ ಸದಸ್ಯವಲ್ಲದಿದ್ದರೂ ಭಾರತ ಈ ಸಂಖ್ಯಾ ಪದ್ಧತಿಯಲ್ಲಿ ಪಾಲ್ಗೊಂಡಿದೆ. ರಕ್ಷಣಾ ಸಚಿವಾಲಯದ ಮಾನಕೀಕರಣ ನಿರ್ದೇಶನಾಲಯ ಅದನ್ನು ನೋಡಿಕೊಳ್ಳುತ್ತದೆ. ಅಂದರೆ ಸಾಧನ ನಮ್ಮ ಕೈಯಲ್ಲಿಯೇ ಇದೆ. ಆದರೆ ನನ್ನ ಮೇಜಿಗೆ ಬಂದ ಆ ಮೂರು ಖರೀದಿ ಆದೇಶಗಳಲ್ಲಿ ಒಂದರಲ್ಲಿಯೂ ಆ ಹದಿಮೂರು ಅಂಕಿಗಳಿರಲಿಲ್ಲ.

ನಾವು ಅವರಲ್ಲಿ ಗಮನಿಸಬೇಕಾದ ಎರಡನೆಯ ಸಂಗತಿ, ಬೇಡಿಕೆಯನ್ನು ಮುಂಚಿತವಾಗಿ ಹೇಳಿ ಅದಕ್ಕೆ ಬದ್ಧರಾಗುವುದು. ಭಾರೀ ಸರಕು ಸಾಗಿಸುವ ಆಂಟೊನೊವ್ 124 ವಿಮಾನಗಳನ್ನು ಬಾಡಿಗೆಗೆ ಪಡೆಯಲು ಕೆಲವು ದೇಶಗಳು ಸೇರಿ 2006ರಿಂದ ಮಾಡಿಕೊಂಡ ಏರ್ಪಾಟು ಇದಕ್ಕೆ ಒಳ್ಳೆಯ ಉದಾಹರಣೆ. ಆರಂಭದ ಕರಾರಿನಂತೆ ಎರಡು ವಿಮಾನ ಜರ್ಮನಿಯ ಲೈಪ್ಜಿಗ್‌ನಲ್ಲಿ ಸದಾ ಸಿದ್ಧವಾಗಿರಬೇಕು, ಇನ್ನೆರಡು ಆರು ದಿನಗಳ ಸೂಚನೆಗೆ, ಮತ್ತೆರಡು ಒಂಬತ್ತು ದಿನಗಳ ಸೂಚನೆಗೆ ಒದಗಬೇಕು. ಪ್ರತಿಯಾಗಿ ವರ್ಷಕ್ಕೆ ಇಷ್ಟು ಗಂಟೆಗಳ ಹಾರಾಟವನ್ನು ಬಳಸುತ್ತೇವೆಂದು ದೇಶಗಳು ಮಾತು ಕೊಟ್ಟಿದ್ದವು. ಒದಗಿಸುವವನಿಗೆ ಆದಾಯದ ಭರವಸೆ, ಪಡೆಯುವವನಿಗೆ ವಿಮಾನದ ಭರವಸೆ. ನೆದರ್ಲೆಂಡ್ಸ್ ಮತ್ತು ಲಕ್ಸೆಂಬರ್ಗ್ 2016ರಲ್ಲಿ ಆರಂಭಿಸಿದ, ಆಕಾಶದಲ್ಲಿಯೇ ಇಂಧನ ತುಂಬುವ ವಿಮಾನಗಳ ಜಂಟಿ ಪಡೆಯೂ ಇದೇ ಬಗೆಯದು. ಒಂಟಿಯಾಗಿ ಇಂಥ ಒಂದು ವಿಮಾನವನ್ನೂ ಇಟ್ಟುಕೊಳ್ಳಲಾಗದ ಪುಟ್ಟ ದೇಶ ತನಗೆ ಬೇಕಾದಷ್ಟು ಹಾರಾಟದ ಗಂಟೆಗಳಿಗೆ ಮಾತ್ರ ಪಾಲು ಹಾಕುತ್ತದೆ. ಇನ್ನು 2024ರ ಜನವರಿಯಲ್ಲಿ ಜರ್ಮನಿ, ನೆದರ್ಲೆಂಡ್ಸ್, ರೊಮೇನಿಯ ಮತ್ತು ಸ್ಪೇನ್ ತಮ್ಮ ಬೇಡಿಕೆಯನ್ನು ಒಂದಾಗಿಸಿದ್ದರಿಂದ ಲಕ್ಸೆಂಬರ್ಗಿನ ಆ ಖರೀದಿ ಸಂಸ್ಥೆ 1,000 ಪೇಟ್ರಿಯಟ್ ಕ್ಷಿಪಣಿಗಳವರೆಗಿನ ಖರೀದಿಗೆ ಸುಮಾರು 550 ಕೋಟಿ ಡಾಲರ್ ಮೌಲ್ಯದ ಕರಾರು ಮಾಡಿಕೊಂಡಿತು. ಆ ಆರ್ಡರ್‌ನ ಬಲದಿಂದಲೇ ಅದರ ತಯಾರಿಕೆ ಜರ್ಮನಿಯ ನೆಲಕ್ಕೂ ಬಂತು. ನಾಲ್ಕು ದೇಶಗಳು ಇನ್ನೂರು, ಮುನ್ನೂರು ಎಂದು ಬಿಡಿಬಿಡಿಯಾಗಿ ಕೇಳಿದ್ದರೆ ಯಾವ ಉದ್ಯಮಿ ತಾನೇ ಹೊಸ ಕಾರ್ಖಾನೆಗೆ ಬಂಡವಾಳ ಹೂಡುತ್ತಿದ್ದ?

ಅಲ್ಲಿ ಎಲ್ಲವೂ ಸುಸೂತ್ರ ಎಂದು ನಾನು ಹೇಳುತ್ತಿಲ್ಲ. ಆ ಬಾಡಿಗೆ ವಿಮಾನಗಳು ರಷ್ಯಾ ಮತ್ತು ಉಕ್ರೇನಿನ ಕಂಪನಿಗಳವು; ರಷ್ಯಾದ ಕಂಪನಿ 2018ರಲ್ಲಿ ಹಿಂದೆ ಸರಿದ ಮೇಲೆ ಉಳಿದದ್ದು ಉಕ್ರೇನಿನದು ಮಾತ್ರ, 2022ರಲ್ಲಿ ಅದರ ತಾಯ್ನೆಲದ ಮೇಲೆಯೇ ಯುದ್ಧ ಬಂದೆರಗಿತು. 2025ರ ಮೇ ತಿಂಗಳಲ್ಲಿ, ಈ ಖರೀದಿ ಸಂಸ್ಥೆಯ ಹಾಲಿ ಮತ್ತು ಮಾಜಿ ನೌಕರರಲ್ಲಿ ಕೆಲವರು ಟೆಂಡರ್‌ಗೆ ಸಂಬಂಧಿಸಿದ ಮಾಹಿತಿಯನ್ನು ಕಂಪನಿಗಳಿಗೆ ಒದಗಿಸಿರಬಹುದೆಂಬ ಶಂಕೆಯ ಮೇಲೆ ಬೆಲ್ಜಿಯಂನಲ್ಲಿ ಬಂಧನಗಳೂ ಆದವು. ಬೇಡಿಕೆಯನ್ನೆಲ್ಲ ಒಂದೇ ಕಡೆ ಸೇರಿಸಿದಾಗ ಪ್ರಲೋಭನೆಯೂ ಅಲ್ಲಿಯೇ ಸೇರುತ್ತದೆ. ಒಟ್ಟುಗೂಡಿಸಿದ ಆರ್ಡರ್ ದೊಡ್ಡದಾದಷ್ಟೂ ದೊಡ್ಡ ಕಂಪನಿಗೆ ಮಾತ್ರ ಎಟುಕುವ ಅಪಾಯವೂ ಇದೆ. ಸಣ್ಣವರ ಪಾಲನ್ನು ಕರಾರಿನೊಳಗೇ ಬರೆದಿಡದಿದ್ದರೆ ನಾವು ಈಗಿರುವುದಕ್ಕಿಂತ ಹಿಂದೆ ಬೀಳುತ್ತೇವೆ. ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಂದ ಶೇ 25ರಷ್ಟು ಖರೀದಿಸಬೇಕೆಂಬ ಕೇಂದ್ರದ ನೀತಿ ನಮ್ಮಲ್ಲಿರುವುದರಿಂದ ಆ ಬೇಲಿ ಹಾಕುವುದು ಕಷ್ಟವಾಗಲಾರದು.

ಈ ಮಾತನ್ನು ಈಗಲೇ ಎತ್ತಲು ಕಾರಣವಿದೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 615 ಎಕರೆಯಲ್ಲಿ ಎದ್ದು ನಿಂತಿರುವ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿ 6ರಂದು ಉದ್ಘಾಟನೆಯಾಯಿತು. ಮೊದಲು ವರ್ಷಕ್ಕೆ 30, ಮುಂದೆ ಹಂತ ಹಂತವಾಗಿ 60, 90 ಹೆಲಿಕಾಪ್ಟರ್ ತಯಾರಿಸುವ ಉದ್ದೇಶವನ್ನು ಆಗಲೇ ಪ್ರಕಟಿಸಲಾಗಿತ್ತು. 2025ರ ಮಾರ್ಚ್ 28ರಂದು 156 ಪ್ರಚಂಡ್ ಯುದ್ಧ ಹೆಲಿಕಾಪ್ಟರ್‌ಗಳಿಗೆ ಎಚ್‌ಎಎಲ್ ಜೊತೆ 62,700 ಕೋಟಿ ರೂಪಾಯಿಗಳ ಕರಾರು ಆಯಿತು. ಅವುಗಳಲ್ಲಿ 66 ವಾಯುಪಡೆಗೆ, 90 ಭೂಸೇನೆಗೆ. ಹೆಲಿಕಾಪ್ಟರ್ ಒಂದೇ, ಪಡೆಗಳು ಎರಡು. ಯುರೋಪಿನಲ್ಲಿ ನಾಲ್ಕು ದೇಶಗಳ ನಡುವೆ ಸಾಧ್ಯವಾದದ್ದು ಇಲ್ಲಿ ಒಂದೇ ಸಚಿವಾಲಯದ ಕೆಳಗಿನ ಎರಡು ಪಡೆಗಳ ನಡುವೆ ಸಾಧ್ಯವಾಗದೆ ಇರದು. ಒಂದು ಹೆಲಿಕಾಪ್ಟರ್ ಮೂವತ್ತು ವರ್ಷ ಹಾರಾಡುವುದಾದರೆ ಅಷ್ಟೂ ಕಾಲ ಅದಕ್ಕೆ ಬುಷ್, ಪಿನ್, ಬ್ರಾಕೆಟ್, ಟ್ರಾಲಿ, ಟೋ ಬಾರ್ ಬೇಕೇ ಬೇಕು. ಸಣ್ಣ ಘಟಕಗಳಿಗೆ ಅನ್ನ ಹುಟ್ಟುವುದು ಆ ಮೂವತ್ತು ವರ್ಷಗಳಲ್ಲಿ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಈ ಹೆಲಿಕಾಪ್ಟರ್‌ಗಳಿಗೂ ಅವುಗಳ ನೆಲದ ಸಲಕರಣೆಗಳಿಗೂ ಮುಂದಿನ ಐದು ವರ್ಷ ಬೇಕಾಗಬಹುದಾದ, ಗೌಪ್ಯವಲ್ಲದ ಸಾಮಾನ್ಯ ಬಿಡಿಭಾಗಗಳ ಅಂದಾಜು ಪಟ್ಟಿಯನ್ನು ಎರಡೂ ಪಡೆಗಳ ಲೆಕ್ಕ ಸೇರಿಸಿ, ಹದಿಮೂರು ಅಂಕಿಗಳ ಸಂಖ್ಯೆಯ ಸಮೇತ, ವರ್ಷಕ್ಕೊಮ್ಮೆ ಪ್ರಕಟಿಸಬೇಕು. ಅದರ ಕನ್ನಡ ಪ್ರತಿ ತುಮಕೂರಿನ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಸಿಗಬೇಕು; ಏಕೆಂದರೆ ನಮ್ಮಲ್ಲಿ ಅತ್ಯುತ್ತಮವಾಗಿ ಲೇತ್ ನಡೆಸಿ ಮಾಲೀಕರಾದ ಹಲವರಿಗೆ ಇಂಗ್ಲಿಷ್ ಟೆಂಡರ್‌ನ ನಲವತ್ತು ಪುಟ ಓದುವುದು ಮೈಕ್ರಾನ್ ಹಿಡಿಯುವುದಕ್ಕಿಂತ ಕಷ್ಟ. ಪ್ರತಿ ಸಲ ಇಪ್ಪತ್ತು, ಮೂವತ್ತರ ಬಿಡಿ ಆರ್ಡರ್ ಕೊಡುವ ಬದಲು ಮೂರು ವರ್ಷದ ದರ ಕರಾರು ಮಾಡಿಕೊಂಡು, ಬೇಕಾದಾಗ ಬೇಕಾದಷ್ಟು ತರಿಸಿಕೊಳ್ಳಲಿ. ಕನಿಷ್ಠ ಇಷ್ಟನ್ನು ಕೊಂಡೇ ಕೊಳ್ಳುತ್ತೇವೆಂಬ ಒಂದು ಸಾಲು ಅದರಲ್ಲಿದ್ದರೆ ಬ್ಯಾಂಕಿನವರೂ ನಮ್ಮ ಮಾತು ಕೇಳುತ್ತಾರೆ.

ನಾನು ಕೆಲಸ ಕಲಿತದ್ದು ಇದೇ ಊರಿನ ಎಚ್‌ಎಂಟಿ ಗಡಿಯಾರ ಕಾರ್ಖಾನೆಯಲ್ಲಿ, ಅಪ್ರೆಂಟಿಸ್ ಆಗಿ. ಅಲ್ಲಿಂದ ಹೊರಬಂದ ಕೈಗಳೇ ತುಮಕೂರಿನ ಅನೇಕ ಸಣ್ಣ ಘಟಕಗಳನ್ನು ಕಟ್ಟಿವೆ. ಆ ಕೈಗಳು ಈಗ ನಿವೃತ್ತಿಯ ಅಂಚಿನಲ್ಲಿವೆ. ಅವರಿಂದ ಕಲಿಯಬೇಕಾದ ಹುಡುಗರು ಖಚಿತವಾದ ಕೆಲಸವಿಲ್ಲದ ಕಾರಣ ಬೆಂಗಳೂರಿನ ರೈಲು ಹತ್ತುತ್ತಿದ್ದಾರೆ. ಕಾಯುವಷ್ಟು ಕಾಲ ನಮಗಿಲ್ಲ. ಆ ಮೂರು ಆರ್ಡರ್‌ಗಳಲ್ಲಿ ರಿಜೆಕ್ಷನ್ ಆದರೆ ಇರಲೆಂದು ಹೆಚ್ಚಾಗಿ ಮಾಡಿಕೊಂಡಿದ್ದ ಒಂದೊಂದು ಪಿನ್ ನನ್ನ ಮೇಜಿನ ಡ್ರಾಯರ್‌ನಲ್ಲಿ ಇವೆ. ಜಿಲ್ಲಾಡಳಿತವಾಗಲಿ ಖರೀದಿ ವಿಭಾಗದವರಾಗಲಿ ಸಣ್ಣ ಉದ್ಯಮಿಗಳ ಸಭೆಯೊಂದನ್ನು ಕರೆದರೆ, ಆ ಮೂರನ್ನೂ ಒಂದು ಮೈಕ್ರೋಮೀಟರ್‌ ಸಮೇತ ತಂದು ಮೇಜಿನ ಮೇಲಿಡುತ್ತೇನೆ. ಯಾವುದು ಯಾರದೆಂದು ಅಧಿಕಾರಿಗಳೇ ಅಳೆದು ನೋಡಲಿ.

ಇಂತಿ ತಮ್ಮ ವಿಶ್ವಾಸಿ,
ಸಣ್ಣ ಕೈಗಾರಿಕಾ ಘಟಕದ ಮಾಲೀಕ,
ಹಿರೇಹಳ್ಳಿ, ತುಮಕೂರು